ಅಪ್‌ಡೇಟ್: ಮುಂಭಾಗದ ಸಬ್‌ಫ್ರೇಮ್ ಬದಲಿಸಿದ್ದಾಯಿತು
ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಕೂರುವ ಜಾಗದಲ್ಲಿ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದ ನಮ್ಮ ಸಣ್ಣ ಕಾರಿನ ಸಬ್‌ಫ್ರೇಮಿಗೆ (ಎಂಜಿನ್, ಸಸ್ಪೆನ್ಷನ್‌ಗಳನ್ನು ಹೊರುವ ಲೋಹದ ಚೌಕಟ್ಟಿಗೆ) ವೆಲ್ಡಿಂಗ್ ಸಾಕೇ, ಬದಲಿಸಬೇಕೇ ಎಂದು ಕೇಳಿದ್ದೆ. ಕಲಬುರಗಿಯ ಗ್ಯಾರೇಜಿನಲ್ಲಿ ಹೊಸದನ್ನೇ ಹಾಕಿಸಿದೆ. ವೆಲ್ಡಿಂಗ್ ಶಾಖಕ್ಕೆ ಲೋಹ ಬಾಗಿದರೆ ಚಕ್ರದ ಕೋನವೇ ತಪ್ಪುತ್ತದೆ ಎಂಬ ಮಿಸ್ತ್ರಿಯವರ ಮಾತು ಸರಿಯೆನಿಸಿತು. ಎಂಜಿನ್ನನ್ನು ಮೇಲಿನಿಂದ ಅಡ್ಡಪಟ್ಟಿಗೆ ತೂಗುಹಾಕಿ, ಏರ್‌ಬ್ಯಾಗಿನ ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗಿನೊಳಗಿನ ಸುರುಳಿ ತಂತಿ) ಹರಿಯದಂತೆ ಸ್ಟಿಯರಿಂಗನ್ನು ನೇರವಾಗಿ ಲಾಕ್ ಮಾಡಿ, ಅದರ ಶಾಫ್ಟ್ ಜೋಡಣೆಗೆ ಗುರುತು ಹಾಕಿದ ಮೇಲೆಯೇ ಹಳೆಯದನ್ನು ಜ್ಯಾಕಿನ ಮೇಲೆ ಇಳಿಸಿದರು. ಆರ್ಮ್ ಬುಷ್‌ಗಳ (ಆರ್ಮಿನ ಕೀಲಿನಲ್ಲಿರುವ ರಬ್ಬರ್ ತುಂಡುಗಳ) ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತ ಬಳಿಕವೇ ಪೂರ್ತಿ ಬಿಗಿದದ್ದು ನನಗೆ ಬಹಳ ಹಿಡಿಸಿತು, ಏಕೆಂದರೆ ಚಕ್ರ ಜೋತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವೀಲ್ ಅಲೈನ್‌ಮೆಂಟ್ ಆದ ಬಳಿಕ, ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತಿದ್ದದ್ದು ನಿಂತಿದೆ.