ಕಾವಲಿ ಆರಿದರೆ ದೋಸೆ ಏಳಲ್ಲ

ಬೆಂಗಳೂರಿನ ಒಂದು ಈಜುಕೊಳ, ಬೆಳಿಗ್ಗೆ ಏಳು ಗಂಟೆ. ಮಕ್ಕಳ ಸ್ಪರ್ಧೆ, ಸೀನನ ಮಗನೂ ಇದ್ದಾನೆ. ಗ್ಯಾಲರಿಯಲ್ಲಿ ನಾನು, ಸೀನ, ಭಟ್ಟರು, ಒಂದು ಪೊಟ್ಟಣ ಕೋಡುಬಳೆ. ನಮ್ಮೂರ ಧಿನಿಧಿ ದೇಸಿಂಗು 2024ರಲ್ಲಿ 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಮೇಲೆ ಅಪ್ಪಂದಿರಿಗೆ ನಿದ್ದೆ ಇಲ್ಲ.

"50 ಮೀಟರ್ ಈಜೋಕೆ ಮುಂಚೆ ಇಷ್ಟೊತ್ತು ವಾರ್ಮ್‌ಅಪ್ಪಾ?" ಎಂದ ಸೀನ. "ಮದುವೆ ಊಟಕ್ಕೆ ಹೊರಟವನು ಮನೇಲೇ ಉಂಡು ಹೋದ ಹಾಗಾಯ್ತು."

ಭಟ್ಟರಿಗೆ ಹೋಟೆಲು ನಡೆಸಿ ಗೊತ್ತು. "ತಣ್ಣಗಿರೋ ಕಾವಲಿ ಮೇಲೆ ದೋಸೆ ಹುಯ್ದು ನೋಡು. ಸ್ನಾಯುನೂ ಅಷ್ಟೇ. ಕಾದ್ರೇನೇ ಚುರುಕಾಗೋದು."

"ಒಂದು ಡೈವ್‌ಗೆ ಅಷ್ಟೊಂದು ಯಾಕೆ ಭಟ್ರೇ?"

ನಾನು ಬಾಯಿ ಹಾಕಿದೆ. ಪ್ಯಾರಿಸ್‌ನಲ್ಲಿ ಗಂಡಸರ 50 ಮೀಟರ್ ಫ್ರೀಸ್ಟೈಲ್ ಚಿನ್ನ 21.25 ಸೆಕೆಂಡಿಗೆ, ಬೆಳ್ಳಿ 21.30ಕ್ಕೆ. ನಡುವಿನ ಅಂತರದಲ್ಲಿ ರೆಪ್ಪೆ ಮಿಟುಕಿಸೋಕೂ ಆಗಲ್ಲ. ಬ್ಲಾಕ್, ಅಂದ್ರೆ ಹಾರೋ ಕಟ್ಟೆ, ಬಿಟ್ಟ ಮೇಲೆ 15 ಮೀಟರ್ ಒಳಗೆ ತಲೆ ಮೇಲೆ ಬರಬೇಕು, ಅಲ್ಲಿವರೆಗಿನದೆಲ್ಲ ಸ್ಟಾರ್ಟ್ ಲೆಕ್ಕ. ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ರೇಸು ಅಲ್ಲೇ ಮುಗೀತು.

ಸೀನ ಗಂಭೀರನಾದ. "ನಮ್ಮವನು ಕಾಲು ಎಳೆದು ಹಿಡಿದು ನಿಮಿಷಗಟ್ಟಲೆ ನಿಲ್ತಾನೆ. ಸರಿ ಅಲ್ವಾ?"

"ಬಹಳ ಹೊತ್ತು ಹಾಗೆ ಹಿಡಿದ್ರೆ ಚಿಮ್ಮೋ ಬಲ ಸ್ವಲ್ಪ ಹೊತ್ತು ಕುಗ್ಗುತ್ತಪ್ಪಾ," ಎಂದೆ. "ಕೈಕಾಲು ಬೀಸೋದು, ಮೆಲ್ಲಗೆ ಕುಣಿಯೋದು ವಾಸಿ. ಆಮೇಲೆ ಜೋರಾಗಿ ನಾಲ್ಕೈದು ಜಿಗಿತ, ಕೆಲವು ನಿಮಿಷ ಸುಧಾರಿಸಿಕೊಳ್ಳೋದು. ಕೆಲವು ಮಕ್ಕಳಿಗೆ ಅದರಿಂದ ಸ್ಟಾರ್ಟ್ ಚೆನ್ನಾಗಾಗುತ್ತೆ. ಜಿಗಿದ ತಕ್ಷಣ ಬ್ಲಾಕ್ ಹತ್ತಿಸಿದ್ರೆ ಮಾತ್ರ ಸುಸ್ತು."

ಎಡವಟ್ಟು ಆಗೋದು ಇದೆಲ್ಲ ಆದ ಮೇಲೆ. ಕಾವಲಿ ಕಾಯಿಸಿ, ಒಲೆ ಆರಿಸಿ, ಗಿರಾಕಿಗೆ ಕಾಯೋ ಕಥೆ. ಅಗೋ, ಕೆಳಗೆ ಕಾಲ್ ರೂಮ್, ಅಂದ್ರೆ ಸರದಿಗೆ ಕಾಯೋ ಕೋಣೆ ಮುಂದೆ ಒದ್ದೆ ಚಡ್ಡಿಯಲ್ಲಿ ಮಕ್ಕಳು ಪ್ಲಾಸ್ಟಿಕ್ ಕುರ್ಚಿ ಮೇಲೆ ನಡುಗುತ್ತಾ ಕೂತು ಅರ್ಧ ಗಂಟೆ ಆಗಿತ್ತು. ದೊಡ್ಡ ಈಜುಗಾರರು ದಪ್ಪ ಜಾಕೆಟ್ ಹೊದ್ದು ಬರೋದು ಸ್ಟೈಲಿಗೆ ಅಂದುಕೊಂಡಿದ್ದ ಸೀನ ಸ್ವೆಟರ್ ಹಿಡಿದು ಓಡಿದ. ಮಗ ತೊಟ್ಟುಕೊಳ್ಳಲಿಲ್ಲ. ಗೆಳೆಯರ ಮುಂದೆ ಮರ್ಯಾದೆ ಪ್ರಶ್ನೆ.

ವಾಪಸ್ ಬಂದ ಸೀನನ ಸಮಾಧಾನಕ್ಕೆ ಸಿಡ್ನಿ ಒಲಿಂಪಿಕ್ಸ್ ಕಥೆ ಹೇಳಿದೆ. 2000ದಲ್ಲಿ ಆಫ್ರಿಕಾದ ಇಕ್ವಟೋರಿಯಲ್ ಗಿನಿಯ ಎರಿಕ್ ಮುಸಾಂಬನಿ ಜೊತೆ 100 ಮೀಟರ್ ಹೀಟ್‌ನಲ್ಲಿ, ಅಂದ್ರೆ ಮೊದಲ ಸುತ್ತಿನ ರೇಸಿನಲ್ಲಿ, ಇದ್ದವರು ಇಬ್ಬರೇ. ಇಬ್ಬರೂ ಬೀಪ್‌ಗೆ ಮೊದಲೇ ಹಾರಿ ಹೊರಗೆ. ಈತ ಒಬ್ಬನೇ ಏದುಸಿರು ಬಿಡುತ್ತಾ 1 ನಿಮಿಷ 52.72 ಸೆಕೆಂಡಿಗೆ ದಡ ಮುಟ್ಟಿ ಹೀಟ್ ಗೆದ್ದ.

"ಅಂದ್ರೆ ಅಲ್ಲಾಡದೆ ನಿಂತ್ರೂ ಗೆಲ್ಲಬಹುದು!" ಸೀನನ ಮುಖ ಅರಳಿತು.

ಮಗನ ಹೀಟ್ ಬಂತು. ಉದ್ದ ಸೀಟಿ. ಮಕ್ಕಳು ಬ್ಲಾಕ್ ಹತ್ತಿದರು. "ಟೇಕ್ ಯುವರ್ ಮಾರ್ಕ್ಸ್." ಕೋಡುಬಳೆ ಕಡಿದರೂ ಕೇಳುವಷ್ಟು ನಿಶ್ಶಬ್ದ. ಸೀನನಿಗೆ ತಡೆಯಲಾಗಲಿಲ್ಲ.

"ಹಾರೋ ಮಗನೇ!"

ದಬ್, ದಬ್, ದಬ್. ಮೂರು ಲೇನ್‌ನ ಮಕ್ಕಳು ನೀರಲ್ಲಿ. ಅಪ್ಪನ ಮಾತು ಕೇಳಿ ಅಭ್ಯಾಸವೇ ಇಲ್ಲದ ಸೀನನ ಮಗ ಮಾತ್ರ ಕಂಬದ ಹಾಗೆ ನಿಂತಿದ್ದ. ರೆಫರಿ ಮೂವರನ್ನೂ ಮತ್ತೆ ಬ್ಲಾಕ್ ಹತ್ತಿಸಿದರು. ಗ್ಯಾಲರಿಯಿಂದ ಒಬ್ಬನನ್ನು ಇಳಿಸಿದರು.