ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ ಓದ್ತೀರಾ, ನೋಡ್ತೀರಾ?

ಮಿರ್ಚಿ ಮಂಡಕ್ಕಿ (ದಾವಣಗೆರೆ):
ಭಾನುವಾರದ ಮ್ಯಾಟಿನಿಗೆ ಟಿಕೆಟ್ ಮಾಡಿಸಿದ್ದೆ. ಶನಿವಾರ ಸಂಜೆ ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಪುಣ್ಯಾತ್ಮ ಫೋನಿನಲ್ಲಿ ಯಾರಿಗೋ ಕಥೆ ಹೇಳುತ್ತಾ ಹೇಳುತ್ತಾ ಕೊಲೆ ಮಾಡಿದವನ ಹೆಸರನ್ನೂ ಹೇಳಿಬಿಟ್ಟ. ಬಾಯಿ ಉರಿದದ್ದು ಮೆಣಸಿನಕಾಯಿಗಲ್ಲ! ದುಡ್ಡು ಕೊಟ್ಟಾಗಿದೆಯಲ್ಲ ಅಂತ ಹೋದೆ, ಎರಡೂವರೆ ಗಂಟೆ ಸುಮ್ನೆ ಕೂತು ಬಂದೆ.

ಆದರೆ ಅದೇ ವಾರ ಅಗಾಥಾ ಕ್ರಿಸ್ಟಿಯ ಹಳೇ ಕಾದಂಬರಿ ಮತ್ತೆ ತೆಗೆದೆ, ರೋಜರ್ ಆಕ್ರಾಯ್ಡ್ ಕೊಲೆಯದು, 1926ರದು. ಯಾರು ಕೊಂದದ್ದು ಅಂತ ಚೆನ್ನಾಗಿ ನೆನಪಿತ್ತು. ಆದರೂ ಮೊದಲ ಸಲಕ್ಕಿಂತ ಜಾಸ್ತಿ ಮಜಾ ಬಂತು. ಒಂದು ಸಾಲಿದೆ, ಹಿಂದೆ ಓದುವಾಗ ಕಣ್ಣು ಹಾಗೇ ಹಾದು ಹೋಗಿತ್ತು, ಈ ಸಲ ಅಲ್ಲೇ ಪುಸ್ತಕ ಮುಚ್ಚಿ ನಕ್ಕೆ. ಒಂದು ಮಾತೂ ಸುಳ್ಳಿಲ್ಲ, ಬೇಕಾದ್ದನ್ನು ಮಾತ್ರ ನುಂಗಿದ್ದಾಳೆ ಮಹಾತಾಯಿ. ಸಿನಿಮಾದಲ್ಲಿ ಇದು ಯಾಕೆ ಆಗಲ್ಲ? ಅಥವಾ ನನಗೇ ಸಿನಿಮಾ ನೋಡಲು ಬರಲ್ವಾ?

ಕೋಟೆ ಕೆಳಗಿನವನು (ಚಿತ್ರದುರ್ಗ):
ಆಗಲ್ಲ ಅಂತ ಯಾರು ಹೇಳಿದ್ದು ಸಾರ್? ನಮ್ಮೂರಿಗೆ ಬನ್ನಿ. 1972ರ ನಾಗರಹಾವು ಕೊನೆಗೆ ಏನಾಗುತ್ತೆ ಅಂತ ಇಲ್ಲಿ ಹಾಲು ಕುಡಿಯೋ ಮಗುವಿಗೂ ಗೊತ್ತು. ಆದರೂ ಟೀವಿಯಲ್ಲಿ ಬಂದರೆ ನಮ್ಮಪ್ಪ ಊಟದ ತಟ್ಟೆ ಹಿಡಿದೇ ಕೂರುತ್ತಾರೆ, ಚಾಮಯ್ಯ ಮೇಷ್ಟ್ರು ಬೆಟ್ಟ ಹತ್ತುವಾಗ ಅನ್ನ ಆರಿ ಹೋಗಿರುತ್ತೆ. ಪತ್ತೇದಾರಿ ಅಲ್ಲ ಅಂತೀರಿ, ಒಪ್ಪಿದೆ. ಆದರೆ ಕೊನೆ ಗೊತ್ತಿದ್ದರೆ ಸಿನಿಮಾ ಸತ್ತಂತೆ ಅನ್ನುವುದು ಸುಳ್ಳು. ಇನ್ನು ತರಾಸು ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಸಿನಿಮಾ ಅದು, ಅವರಿಗೇ ಅದು ಹಿಡಿಸಲಿಲ್ಲ, ಇದು ಕೇರೆಹಾವು ಅಂದಿದ್ದರಂತೆ. ಬರೆದವರ ಸಂಕಟ ಬೇರೆ, ನೋಡುವವರ ಖುಷಿ ಬೇರೆ.

ನಿಟ್ಟುವಳ್ಳಿ ಅಕ್ಕ:
ನಮ್ಮಮ್ಮನ ಕಥೆ ಕೇಳಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ. ಅವರು ಹೆಚ್ಚು ಶಾಲೆ ಕಲಿತವರಲ್ಲ, ಆದರೂ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಅಮ್ಮ ಮನೆಯವರಲ್ಲೊಬ್ಬ ಅನ್ನುವ ಹಾಗೆ ಮಾತಾಡುತ್ತಾರೆ. ಪುಸ್ತಕ ಬಾಡಿಗೆಗೆ ತರುತ್ತಿದ್ದರು. ಅಜ್ಜನಿಗೆ ಕಾಟನ್ ಮಿಲ್‌ನಲ್ಲಿ ಕೆಲಸ, ಅವರು ಪಾಳಿ ಮುಗಿಸಿ ಬರುವಷ್ಟರಲ್ಲಿ ಪುಸ್ತಕ ಹಾಸಿಗೆ ಕೆಳಗೆ. ಹೆಣ್ಮಕ್ಕಳು ಇಂಥದ್ದು ಓದಬಾರದಂತೆ! ಒಂದು ಸಲ ಬಂದ ಪುಸ್ತಕದಲ್ಲಿ ಕೊನೇ ಪುಟಗಳೇ ಹರಿದು ಹೋಗಿದ್ದವು. ಅಮ್ಮ ಮತ್ತು ಪಕ್ಕದ ಮನೆಯವರು ಬಾವಿ ಕಟ್ಟೆ ಮೇಲೆ ಕೂತು ವಾರಗಟ್ಟಲೆ ಜಗಳ ಆಡಿದರಂತೆ, ಡಾಕ್ಟರೋ ದೊಡ್ಡಪ್ಪನೋ ಅಂತ. ಇವತ್ತಿಗೂ ಉತ್ತರ ಗೊತ್ತಿಲ್ಲ, ಆದರೆ ಅಮ್ಮನಿಗೆ ತುಂಬಾ ನೆನಪಿರುವ ಕಾದಂಬರಿ ಅದೇ.

ಇನ್ನೊಂದು ಮಾತು. ಪುಸ್ತಕದಲ್ಲಿ ಮುಖ ಇರಲ್ಲ. ಸಿನಿಮಾದಲ್ಲಿ ದೊಡ್ಡ ನಟನೊಬ್ಬ ಮೊದಲಾರ್ಧದಲ್ಲಿ ಟೀ ಕುಡಿದು ನಾಲ್ಕು ಮಾತಾಡಿ ಹೋದರೆ ಮುಗಿಯಿತು, ಅವನೇ ಕೊಲೆಗಾರ. ಅಷ್ಟು ಸಂಭಾವನೆ ಟೀ ಕುಡಿಯೋಕೆ ಯಾರಾದರೂ ಕೊಡ್ತಾರಾ?

ಫಸ್ಟ್ ಡೇ ಫಸ್ಟ್ ಶೋ:
ಶುಕ್ರವಾರ ಬಂದ ಸಿನಿಮಾವನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದು ನಿಮ್ಮ ತಪ್ಪು ಗುರುಗಳೇ. 2022ರ ಏಪ್ರಿಲ್ 14ಕ್ಕೆ ಕೆಜಿಎಫ್ ಎರಡನೇ ಭಾಗಕ್ಕೆ ಬೆಳಗಿನ ಜಾವ ಎದ್ದು ಹೋದವನು ನಾನು. ಅಲ್ಲಿ ಯಾರೂ ಮುಂದೇನಾಗುತ್ತೆ ಅಂತ ತಲೆ ಕೆಡಿಸಿಕೊಳ್ಳಲ್ಲ. ಹೀರೋ ಹೇಗೆ ಬರ್ತಾನೆ, ಅಷ್ಟೇ. ಕಥೆ ಪೂರ್ತಿ ಹೇಳಿಬಿಡಿ, ಶಿಳ್ಳೆ ಒಂದೂ ಕಮ್ಮಿ ಆಗಲ್ಲ. ಪತ್ತೇದಾರಿಯಲ್ಲೂ ‘ದೃಶ್ಯ’ ಸಿನಿಮಾ ನೋಡಿ, 2014ರದು, ಮಲಯಾಳಂನಿಂದ ಬಂದದ್ದು. ಸತ್ತದ್ದು ಹೇಗೆ ಅಂತ ನಮ್ಮ ಕಣ್ಣೆದುರೇ ತೋರಿಸ್ತಾರೆ. ಆಮೇಲೆ ಆ ಮನೆಯವರು ಸಿಕ್ಕಿಬೀಳದಿರಲಿ ಅಂತ ನಾವೇ ಉಗುರು ಕಚ್ಚಿಕೊಂಡು ಕೂರ್ತೀವಿ. ನೀವು ನೋಡಿದ ಸಿನಿಮಾದಲ್ಲಿ ಆ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ ಅಂತ ಕಾಣುತ್ತೆ.

ಮಿರ್ಚಿ ಮಂಡಕ್ಕಿ:
ಸರಿ ಮಾರಾಯ, ಆ ಹೆಸರು ಬಿಟ್ಟರೆ ನಿಜಕ್ಕೂ ಏನೂ ಇರಲಿಲ್ಲ. ಆದರೂ ಆ ಫೋನಿನವನನ್ನು ಕ್ಷಮಿಸಲ್ಲ. ಲಂಡನ್ನಿನಲ್ಲಿ ಕ್ರಿಸ್ಟಿಯ ಒಂದು ನಾಟಕ 1952ರಿಂದ ನಡೀತಿದೆ, ಮುಗಿದ ಮೇಲೆ ನಟರೇ ಬಂದು ಗುಟ್ಟು ಹೊರಗೆ ಹೇಳಬೇಡಿ ಅಂತ ಕೇಳಿಕೊಳ್ಳುತ್ತಾರೆ. ನಮ್ಮಲ್ಲಿ ಇಂಟರ್ವಲ್‌ಗೇ ಸ್ಟೇಟಸ್ ಹಾಕ್ತಾರೆ.

ಅಕ್ಕಾ, ಅಮ್ಮನ ಹತ್ತಿರ ನರಸಿಂಹಯ್ಯನವರ ಪುಸ್ತಕ ಇನ್ನೂ ಇದೆಯಾ? ಓದಿ ವಾಪಸ್ ಕೊಡ್ತೀನಿ.

ನಿಟ್ಟುವಳ್ಳಿ ಅಕ್ಕ:
ಎರಡಿವೆ. ಒಂದಕ್ಕೆ ಕೊನೇ ಪುಟ ಇದೆ, ಇನ್ನೊಂದಕ್ಕೆ ಇಲ್ಲ. ಯಾವುದು ಬೇಕು?