ಮಳೆಗಾಲದಲ್ಲಿ ಏರ್ ರೈಫಲ್ ಗುರಿ ಸರಿಯುತ್ತಿದೆ: ಮರದ ಸ್ಟಾಕ್ ತೆಗೆದು ಸಿಂಥೆಟಿಕ್ ಹಾಕಿಸಲಾ?

ಬೈತಕೋಲ ಹುಡುಗ:
ನಮಸ್ಕಾರ. ನನ್ನದು 0.177 ಇಂಚಿನ ಬ್ರೇಕ್ ಬ್ಯಾರಲ್ (ನಳಿಗೆ ಮಡಚಿ ಗುಂಡು ತುಂಬೋ) ಸ್ಪ್ರಿಂಗ್ ಏರ್ ರೈಫಲ್, ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯೋ ಭಾಗ) ಬೀಚ್ ಅನ್ನೋ ಜಾತಿಯ ಮರದ್ದು. ಮನೆ ಕಾರವಾರ ಬಂದರಿಗೆ ಹತ್ತಿರ. ಹಿತ್ತಲಲ್ಲಿ ಮರಳು ಚೀಲದ ಮುಂದೆ ಕಾಗದದ ಗುರಿ ಇಟ್ಟು 10 ಮೀಟರಿನಿಂದ ಹೊಡೆಯೋದು, ಅಷ್ಟೇ. ಬೇಸಿಗೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳ್ತಿದ್ದ ಪೆಲೆಟ್‌ಗಳು (ಸಣ್ಣ ಗುಂಡುಗಳು) ಮಳೆ ಹಿಡಿದ ಮೇಲೆ ಎಡಕ್ಕೆ ಸರಿದು ಚೆದುರುತ್ತಿವೆ. ಸೈಟ್ (ಗುರಿ ನೋಡೋ ಭಾಗ) ತಿರುಗಿಸಿದರೆ ಸ್ವಲ್ಪ ದಿನ ಸರಿ, ಮತ್ತೆ ಅದೇ ಕತೆ. ಮರ ಉಬ್ಬಿದೆ, ಸಿಂಥೆಟಿಕ್ ಹಾಕಿಸು ಅಂತ ಗೆಳೆಯರು. ತೆಂಗಿನೆಣ್ಣೆ ತಿಕ್ಕು ಅಂತ ಅಜ್ಜ. ಯಾರ ಮಾತು ಕೇಳೋದು?

ಅರಗಾ ಮಾಮ:
ಗೆಳೆಯರ ಮಾತು ಕೇಳು ತಮಾ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಮರೀನ್ ಪಡೆಯ ಎಂ-40 ಸ್ನೈಪರ್ ರೈಫಲ್‌ಗಳ ಮರದ ಸ್ಟಾಕ್ ಅಲ್ಲಿನ ತೇವಕ್ಕೆ ಸೊಟ್ಟಗಾದವು. 1970ರ ದಶಕದಲ್ಲಿ ಬಂದ ಎಂ-40ಎ1ಕ್ಕೆ ಫೈಬರ್‌ಗ್ಲಾಸ್ ಸ್ಟಾಕ್ ಹಾಕಿದರು. ನಮ್ಮ ಜುಲೈ ತಿಂಗಳ ಹವೆ ಅದಕ್ಕಿಂತ ಒಣಗಿದ್ದೇನೂ ಅಲ್ಲ.

ಕುಮಟಾ ಪೇಟೆ:
ಸ್ಟಾಕ್ ಉಬ್ಬಿ ಬ್ಯಾರಲ್‌ಗೆ ತಾಗ್ತಾ ಇರಬಹುದು. ಬ್ಯಾರಲ್ ಕೆಳಗೆ ನೋಟು ತೂರಿಸಿ ನೋಡಿ, ತಾಗಿದರೆ ಮರದ ತೋಡು ಉಜ್ಜಿ ದೊಡ್ಡದು ಮಾಡಿ.

ಹುಲೇಕಲ್ ಮರಗೆಲಸ:
ಕುಮಟಾದವ್ರೆ, ಆ ನೋಟಿನ ಪರೀಕ್ಷೆ ಬ್ಯಾರಲ್ ಮರದ ಮೇಲೇ ಚಾಚಿರೋ ಬೋಲ್ಟ್ ರೈಫಲ್‌ಗೆ. ಬ್ರೇಕ್ ಬ್ಯಾರಲ್‌ನಲ್ಲಿ ಬ್ಯಾರಲ್ ಸ್ಟಾಕಿನ ಮುಂದಕ್ಕೆ ಬಯಲಲ್ಲೇ ಇರ್ತದೆ, ಮರ ತಾಗೋ ಪ್ರಶ್ನೆಯೇ ಇಲ್ಲ. ತಮಾ, ಉಳಿ ಗಿಳಿ ಹಿಡಿಯಬೇಡ.

ಅಜ್ಜನ ಎಣ್ಣೆಯೂ ಬೇಡ ಮಾರಾಯ. ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ಅಂಟಂಟಾಗಿ ಉಳಿದು ಧೂಳು ಹಿಡೀತದೆ, ತೇವ ಮಾತ್ರ ತಡೆಯೋದಿಲ್ಲ.

ಮೊದಲು ಸ್ಕ್ರೂ ನೋಡು. ಬ್ಯಾರಲ್ ಮಡಚಿ ತೆರೆದು ಒಳಗೆ ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಮುಂಭಾಗದ ಎರಡು ಪಕ್ಕದ ಸ್ಕ್ರೂ ಮತ್ತು ಟ್ರಿಗರ್ ಗಾರ್ಡ್ ಸ್ಕ್ರೂ ತಿರುಗಿಸು. ಸುಲಭಕ್ಕೆ ತಿರುಗಿದರೆ ಕಳ್ಳ ಅಲ್ಲೇ. ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಸ್ಕ್ರೂ ಸಡಿಲ ಆಗೋದು ಅದರ ಹುಟ್ಟುಗುಣ. ಮಳೆಗಾಲ ಅದಕ್ಕೆ ಇನ್ನೊಂದು ಸೇರಿಸ್ತದೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳೋ ಹಾಗೆ ಮರ ಅಡ್ಡಕ್ಕೆ ಉಬ್ಬಿ ಸ್ಕ್ರೂ ತಲೆಗೆ ಒತ್ತುತ್ತದೆ, ತಲೆಯ ಕೆಳಗಿನ ನಾರು ನುಜ್ಜಾಗ್ತದೆ. ನಾಲ್ಕು ದಿನ ಬಿಸಿಲು ಬಂದರೆ ಮರ ಕುಗ್ಗುತ್ತದೆ, ನುಜ್ಜಾದ ನಾರು ಮೇಲೇಳೋದಿಲ್ಲ, ಅಲ್ಲಿ ಸಂದು. ನಿನ್ನ ಸೈಟ್ ಸ್ವಲ್ಪ ದಿನ ಸರಿಯಾಗಿ ಮತ್ತೆ ಕೆಡೋದು ಇದಕ್ಕೇ ಇರಬೇಕು.

ಬೀಚ್ ಈ ವಿಷಯದಲ್ಲಿ ಕೆಟ್ಟ ಮರವೇ. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಗಲದಲ್ಲಿ ಸುಮಾರು 12% ಕುಗ್ಗುತ್ತದೆ. ಸಾಗವಾನಿ 5%ರ ಆಸುಪಾಸು. ಅಂದರೆ ನಮ್ಮ ಹವೆಯಲ್ಲಿ ಬೀಚ್ ಉಬ್ಬೋದೂ ಜಾಸ್ತಿ. ಆದರೆ ಅದೊಂದೇ ಕಾರಣಕ್ಕೆ ಸ್ಟಾಕ್ ಬಿಸಾಡೋದು ಬೇಡ.

ಬೈತಕೋಲ ಹುಡುಗ:
ಹುಲೇಕಲ್ ಭಟ್ರೆ, ಎಡಗಡೆ ಮುಂದಿನ ಸ್ಕ್ರೂ ಬೆರಳಲ್ಲೇ ತಿರುಗಿತು! ಬಿಗಿ ಮಾಡಿ ಹೊಡೆದೆ, ಗುಂಪು ಮತ್ತೆ ಕೂಡಿದೆ. ಆದರೆ ಸ್ಟಾಕ್ ಬಿಚ್ಚಿದಾಗ ಇನ್ನೊಂದು ಕಂಡಿತು. ಒಳಗಿನ ಮರ ಬರೀ ಬೋಳು, ಪಾಲಿಶ್ ಇಲ್ಲವೇ ಇಲ್ಲ. ಮರ ತಾಗೋ ಕಡೆ ಕಬ್ಬಿಣದ ಮೇಲೆ ಕೆಂಪು ತುಕ್ಕು.

ಹುಲೇಕಲ್ ಮರಗೆಲಸ:
ಅದೇ ಅಸಲು ಕಾಯಿಲೆ. ಬಹಳಷ್ಟು ಅಗ್ಗದ ಸ್ಟಾಕ್‌ಗಳಿಗೆ ಕಣ್ಣಿಗೆ ಕಾಣೋ ಕಡೆ ಮಾತ್ರ ಪಾಲಿಶ್. ಒಳಗಿನ ತೋಡು, ಹಿಂದಿನ ರಬ್ಬರ್ ಪ್ಯಾಡಿನ ಅಡಿ, ಸ್ಕ್ರೂ ತೂತು ಹಾಗೇ ಬಿಟ್ಟಿರ್ತಾರೆ. ಪ್ಯಾಡಿನ ಅಡಿ ಮರದ ಕಡಿದ ತುದಿ, ನೀರು ಎಲ್ಲಕ್ಕಿಂತ ಜೋರು ಹೀರೋದು ಅಲ್ಲಿಂದ.

ತುಕ್ಕಿಗೆ ಎಣ್ಣೆ ಹಾಕಿ ಸಣ್ಣ ಸ್ಟೀಲ್ ವುಲ್‌ನಿಂದ ಹಗುರಾಗಿ ಉಜ್ಜು, ಒರೆಸಿ ತೆಳು ಎಣ್ಣೆ ಬಿಡು. ಎಣ್ಣೆ ಗಾಳಿ ಒತ್ತೋ ಸಿಲಿಂಡರ್ ಒಳಗೆ ಹೋಗಬಾರದು, ಹೋದರೆ ಹೊಡೆದಾಗ ಎಣ್ಣೆ ಹೊತ್ತಿ ಡೀಸಲ್ ಎಂಜಿನ್ ಥರ ಸಿಡೀತದೆ, ಸೀಲ್ ಹಾಳು. ಸ್ಪ್ರಿಂಗ್ ತಡೆದಿಟ್ಟಿರೋ ಹಿಂದಿನ ಎಂಡ್ ಬ್ಲಾಕಿಗೆ ಕೈ ಹಾಕಬೇಡ, ಸ್ಪ್ರಿಂಗ್ ಒತ್ತಡದಲ್ಲೇ ಕೂತಿರ್ತದೆ, ಮುಖಕ್ಕೆ ಹಾರ್ತದೆ.

ಬೋಳು ಮರಕ್ಕೆ ಪಾಲಿಯುರೆಥೇನ್ ವಾರ್ನಿಶ್, ತೆಳುವಾಗಿ ಎರಡು ಮೂರು ಕೋಟು. ಅಗಸೆ ಎಣ್ಣೆ ನೋಡೋಕೆ ಚಂದ, ಆದರೆ ಗಾಳಿಯ ತೇವ ತಡೆಯೋದರಲ್ಲಿ ವಾರ್ನಿಶ್‌ನಷ್ಟು ಇಲ್ಲ. ಅಗಸೆ ಎಣ್ಣೆಯೇ ಬೇಕು ಅಂದರೆ ಒರೆಸಿದ ಬಟ್ಟೆ ಉಂಡೆ ಮಾಡಿ ಎಸೆಯಬೇಡ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತೋದು ಉಂಟು. ಮತ್ತೆ ಇದು ಈಗ ಮಾಡೋ ಕೆಲಸ ಅಲ್ಲ. ಒದ್ದೆ ಮರಕ್ಕೆ ವಾರ್ನಿಶ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ತದೆ. ಶಿವರಾತ್ರಿ ಹೊತ್ತಿಗೆ ಮಾಡು.

ಅರಗಾ ಮಾಮ:
ಇಷ್ಟೆಲ್ಲ ಪೂಜೆ ಯಾಕೆ ಭಟ್ರೆ, ಸಿಂಥೆಟಿಕ್ ಆದರೆ ಒರೆಸಿ ಇಟ್ಟರಾಯ್ತು.

ಹುಲೇಕಲ್ ಮರಗೆಲಸ:
ಮಾಮ, ಉಪ್ಪುಗಾಳಿಗೆ ತುಕ್ಕು ಹಿಡಿಯೋದು ಕಬ್ಬಿಣ. ಸ್ಟಾಕ್ ಪ್ಲಾಸ್ಟಿಕ್ ಆದರೂ ಒಳಗೆ ಬೆವರು, ನೀರು ನಿಲ್ಲೋದು ತಪ್ಪೋದಿಲ್ಲ, ಬಿಚ್ಚಿ ಒರೆಸಲೇಬೇಕು. ಎಂ-40ಎ1ರ ಫೈಬರ್‌ಗ್ಲಾಸ್ ಬೇರೆ, ಅಗ್ಗದ ಏರ್‌ಗನ್ನಿನ ಟೊಳ್ಳು ಪ್ಲಾಸ್ಟಿಕ್ ಬೇರೆ. ಎರಡನೆಯದು ಹಗುರ, ಹೊಡೆದಾಗ ಟಂಗ್ ಅಂತದೆ, ಒದೆತವೂ ಹೆಚ್ಚು ಗೊತ್ತಾಗ್ತದೆ. ಸ್ಪ್ರಿಂಗ್ ಗನ್ ಹಿಡಿತ ಬದಲಾದರೆ ಗುರಿಯೂ ಬದಲಾಗ್ತದೆ, ಹುಡುಗ ಮತ್ತೆ ಮೊದಲಿಂದ ಅಭ್ಯಾಸ ಮಾಡಬೇಕು. ದೋಣಿಯಲ್ಲಿ, ಮಳೆಯಲ್ಲಿ ಹೊತ್ತು ತಿರುಗೋ ಕೋವಿ ಆದರೆ ನಿಮ್ಮ ಮಾತೇ ಸರಿ. ಮನೆಯೊಳಗೆ ಇರೋದಕ್ಕೆ ಮರ ಸಾಕು.

ಕುಮಟಾ ಪೇಟೆ:
ಶಿರಸಿ ಕಡೆ ಸಾಗವಾನಿ ಸ್ಟಾಕ್ ಮಾಡಿಸಿದರೆ ಹೇಗೆ?

ಹುಲೇಕಲ್ ಮರಗೆಲಸ:
ಆಗ್ತದೆ, ಬಿಲ್ ಇರೋ ಮರ, ಚೆನ್ನಾಗಿ ಒಣಗಿದ್ದು ಆಗಬೇಕು. ಕೈ ಹಿಡಿಯೋ ಸಪೂರ ಜಾಗದಲ್ಲಿ ನಾರು ಉದ್ದಕ್ಕೇ ಓಡಬೇಕು, ಅಡ್ಡ ಬಂದರೆ ಅಲ್ಲೇ ಸೀಳ್ತದೆ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರೋದರಿಂದ ವಾರ್ನಿಶ್ ಬಳಿಯೋ ಮುಂಚೆ ಥಿನ್ನರ್‌ನಲ್ಲಿ ಒರೆಸಬೇಕು.

ಬೈತಕೋಲ ಹುಡುಗ:
ಸದ್ಯ ಮರವೇ ಇರಲಿ ಹಾಗಾದರೆ. ಸ್ಕ್ರೂ ಮತ್ತೆ ಸಡಿಲ ಆಗದ ಹಾಗೆ ಏನಾದರೂ? ಫೋಮ್ ಇರೋ ಚೀಲದಲ್ಲಿ ಇಡ್ತೇನೆ, ತೊಂದರೆ ಇಲ್ಲ ಅಲ್ವಾ?

ಹುಲೇಕಲ್ ಮರಗೆಲಸ:
ಚೀಲದಲ್ಲಿ ತೊಂದರೆ ಉಂಟು. ಫೋಮ್ ತೇವ ಹಿಡಿದಿಟ್ಟು ಕಬ್ಬಿಣಕ್ಕೆ ತಾಗಿಸ್ತದೆ. ಬೀಗ ಹಾಕೋ ಕಪಾಟಿನಲ್ಲಿ ನಿಲ್ಲಿಸಿ ಸಿಲಿಕಾ ಜೆಲ್ ಇಡು, ನೀಲಿ ಹೋಗಿ ಗುಲಾಬಿ ಆದಾಗ ಒಲೆ ಹತ್ತಿರ ಒಣಗಿಸು. ಸ್ಕ್ರೂ ತಲೆ ಅಡಿಗೆ ಕಪ್ ವಾಷರ್ (ಬಟ್ಟಲಿನಾಕಾರದ ಬಿಲ್ಲೆ) ಹಾಕು, ಮರ ನುಜ್ಜಾಗೋದು ತಪ್ಪುತ್ತದೆ. ಸ್ಕ್ರೂ ಎಳೆಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ. ಕೆಂಪು ಬಣ್ಣದ ಅಂಟು ಬೇಡ, ಬಿಸಿ ಮಾಡದೆ ಬಿಚ್ಚೋಕೆ ಬರೋದಿಲ್ಲ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಮರದ ಮೇಲೆ ಬರೋ ಹಾಗೆ ಪೆನ್ಸಿಲ್ ಗೆರೆ ಹಾಕಿಡು. ಗೆರೆ ತಪ್ಪಿದರೆ ಸ್ಕ್ರೂ ತಿರುಗಿದೆ, ಸೈಟ್ ಮುಟ್ಟಬೇಡ.

ಬೈತಕೋಲ ಹುಡುಗ:
ಕಪ್ ವಾಷರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗ್ತದಾ?

ಅರಗಾ ಮಾಮ:
ಹಳೇ ಸ್ಕ್ರೂ ಕೈಯಲ್ಲೇ ಹಿಡ್ಕೊಂಡು ಹೋಗು ತಮಾ. ಅಳತೆ ಬಾಯಲ್ಲಿ ಹೇಳಿದರೆ ಬೇರೆಯದೇ ಕೊಡ್ತಾರೆ.